ಗುಡ್ಡದ ಊರು, ಹೊಳೆ ದಂಡೆಯ ಊರು: ವಿಕೋಪ ಯೋಜನೆಗೆ ನೆರವಾಗುವ ಸಾಧನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗು, ಮಲೆನಾಡು, ಕರಾವಳಿ ಮತ್ತು ಕೃಷ್ಣಾ ಕಣಿವೆಯ ಪಂಚಾಯಿತಿ ಸದಸ್ಯರು, ಪಿಡಿಒಗಳು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ತೋಟದವರು ಮಳೆಗಾಲಕ್ಕೆ ಮುಂಚಿನ ಸಭೆಗಳಲ್ಲಿ ಕೇಳುವ ಪ್ರಶ್ನೆಗಳಿವು. ಕೆಲವಕ್ಕೆ ಉತ್ತರ ಉದ್ದವಾಗಿದೆ. ಅಲ್ಲಿ ಅವಸರ ಮಾಡಿದರೆ ಜೀವಕ್ಕೇ ಕುತ್ತು ಬರುವುದರಿಂದ ಹಾಗೆಯೇ ಬಿಟ್ಟಿದ್ದೇನೆ.

‘ನಿರ್ಧಾರಕ್ಕೆ ನೆರವಾಗುವ ಸಾಧನ’ ಅಂದರೆ ಏನು? ಮೊಬೈಲ್ ಆ್ಯಪಾ?

ಆ್ಯಪ್ ಇರಬಹುದು, ನಕ್ಷೆ ಇರಬಹುದು, ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದ ಒಂದೇ ಒಂದು ಹಾಳೆಯೂ ಇರಬಹುದು. ಅಪಾಯದ ಬಗ್ಗೆ ಗೊತ್ತಿರುವ ಸಂಗತಿಯನ್ನು ‘ಈಗ ಏನು ಮಾಡೋಣ’ ಎಂಬಲ್ಲಿಗೆ ತಂದು ನಿಲ್ಲಿಸುವುದೆಲ್ಲ ಈ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿ ಭೂಕಂಪ, ಪ್ರವಾಹಗಳ ನಷ್ಟ ಅಂದಾಜು ಮಾಡಲು ‘ಹ್ಯಾಜಸ್’ ಎಂಬ ತಂತ್ರಾಂಶ ಬಳಸುತ್ತಾರೆ. ಇಂಡೋನೇಷ್ಯಾದಲ್ಲಿ ‘ಇನಾಸೇಫ್’ ಇದೆ. ಇಂಥ ಕಡೆ ಪ್ರವಾಹ ಬಂದರೆ ಎಷ್ಟು ಜನ ಸಿಕ್ಕಿಕೊಳ್ಳುತ್ತಾರೆ, ಎಷ್ಟು ಕಟ್ಟಡ ಮುಳುಗುತ್ತವೆ ಎಂದು ಅದು ಲೆಕ್ಕ ಹಾಕಿ ಕೊಡುತ್ತದೆ, ಅದೂ ಉಚಿತವಾಗಿ.

ಒಂದು ಪಂಚಾಯಿತಿ ಮೂರು ಬಗೆಯ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ. ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ಬೇಡ ಎಂಬುದು ವರ್ಷಗಟ್ಟಲೆಯ ತೀರ್ಮಾನ. ಇರುವ ಹಣದಲ್ಲಿ ಯಾವ ಕಾಮಗಾರಿ ಮೊದಲು ಎಂಬುದು ಬಜೆಟ್ಟಿನದು. ಇವತ್ತು ರಾತ್ರಿ ಯಾರನ್ನು ಎಬ್ಬಿಸಬೇಕು ಎಂಬುದು ಗಂಟೆಗಳಲ್ಲಿ ಆಗಬೇಕಾದದ್ದು. ಒಂದಕ್ಕೆ ಮಾಡಿದ ಸಾಧನವನ್ನು ಇನ್ನೊಂದಕ್ಕೆ ಬಳಸಿದಾಗಲೇ ಹೆಚ್ಚಿನ ಎಡವಟ್ಟುಗಳು ಆಗುತ್ತವೆ.

ನನ್ನ ನಂಬಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಅಂಕಿಯ ಪಕ್ಕದಲ್ಲಿ ಒಬ್ಬರ ಹೆಸರು ಮತ್ತು ಒಂದು ಕೆಲಸ ಬರೆದಿರಬೇಕು. ಆಗ ಮಾತ್ರ ಅದು ಊರನ್ನು ಕಾಯುತ್ತದೆ. ಕೆಳಗಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ನಮ್ಮ ಊರಿಗೆ ಈಗಾಗಲೇ ಏನೇನು ಸಿಗುತ್ತಿದೆ?

ನೀವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಸಿಗುತ್ತಿದೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾಯಿತು. ಇವತ್ತು ಅದರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲೂ ಇವೆ. 15 ನಿಮಿಷಕ್ಕೊಮ್ಮೆ ಮಾಹಿತಿ ಬರುತ್ತದೆ. ದೇಶದ ಬೇರೆ ಕಡೆ ಇಷ್ಟು ಒತ್ತಾಗಿ ಮಳೆ ಅಳೆಯುವುದು ಅಪರೂಪ. ರೈತರಿಗೆ ಫೋನಿನಲ್ಲಿ ಮುನ್ಸೂಚನೆ ಹೇಳುವ ‘ವರುಣ ಮಿತ್ರ’, ಮಿಂಚಿನ ಎಚ್ಚರಿಕೆ ಕೊಡುವ ‘ಸಿಡಿಲು’ ಆ್ಯಪ್ ಇವೂ ಅದರವೇ.

ಮಳೆ, ಹವಾಮಾನಕ್ಕೆ ಭಾರತೀಯ ಹವಾಮಾನ ಇಲಾಖೆಯ ‘ಮೌಸಮ್’, ಸಿಡಿಲಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’, ಎಲ್ಲ ಬಗೆಯ ವಿಪತ್ತಿನ ಎಚ್ಚರಿಕೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಇವುಗಳ ಜೊತೆಗೆ ಕೇಂದ್ರ ಜಲ ಆಯೋಗ 2023ರಲ್ಲಿ ‘ಫ್ಲಡ್‌ವಾಚ್ ಇಂಡಿಯಾ’ ಬಿಟ್ಟಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, 2024ರ ಜುಲೈನಲ್ಲಿ ಕೋಲ್ಕತ್ತದಲ್ಲಿ ಭೂಕುಸಿತ ಮುನ್ಸೂಚನಾ ಕೇಂದ್ರ ತೆರೆದು ‘ಭೂಸ್ಖಲನ್’ ಆ್ಯಪನ್ನೂ ‘ಭೂಸಂಕೇತ್’ ಜಾಲತಾಣವನ್ನೂ ಕೊಟ್ಟಿದೆ. ತುರ್ತಿಗೆ 112 ಇದೆ, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077.

ಇವನ್ನೆಲ್ಲ ಒಂದೇ ದಿನ ಫೋನಿಗೆ ಹಾಕಿಕೊಳ್ಳಬೇಕಿಲ್ಲ. ಮಳೆಗೆ ಒಂದು, ನದಿಗೆ ಒಂದು, ಸಿಡಿಲಿಗೆ ಒಂದು ಆರಿಸಿಕೊಂಡು ಅದನ್ನು ದಿನಾ ನೋಡುವ ಒಬ್ಬರನ್ನು ಗೊತ್ತುಮಾಡಿ.

ರೆಡ್ ಅಲರ್ಟ್ ಬಂತೆಂದರೆ ಮನೆ ಬಿಡಬೇಕಾ?

ಹವಾಮಾನ ಇಲಾಖೆಯ ಬಣ್ಣಗಳು ಮುಖ್ಯವಾಗಿ ಆಡಳಿತಕ್ಕೆ ಕೊಡುವ ಸೂಚನೆ. ಹಳದಿ ಎಂದರೆ ಗಮನವಿಟ್ಟು ನೋಡುತ್ತಿರಿ, ಕಿತ್ತಳೆ ಎಂದರೆ ಸಜ್ಜಾಗಿ, ಕೆಂಪು ಎಂದರೆ ಕೆಲಸ ಶುರುಮಾಡಿ. ಇದು ಜಿಲ್ಲೆಗೆ ಹೇಳುವ ಮಾತು. ಜಿಲ್ಲೆಯ ಒಂದು ತುದಿಯಲ್ಲಿ ಹತ್ತು ಇಂಚು ಸುರಿದು ಇನ್ನೊಂದು ತುದಿಯಲ್ಲಿ ಬಟ್ಟೆ ಒಣಗುವುದು ಪಶ್ಚಿಮ ಘಟ್ಟದವರಿಗೆ ಹೊಸದಲ್ಲ. ಹಾಗಾಗಿ ಕೆಂಪು ಬಂದ ದಿನ ನಿಮ್ಮ ಊರಿನ ಹಾಳೆಯನ್ನು, ಅಂದರೆ ಎಷ್ಟು ಮಳೆಗೆ ಯಾರು ಏನು ಮಾಡಬೇಕು ಎಂದು ಮೊದಲೇ ಬರೆದಿಟ್ಟದ್ದನ್ನು, ಹೊರತೆಗೆಯಬೇಕು, ಮಳೆಮಾಪಕ ನೋಡುವ ಸರದಿ ಶುರುವಾಗಬೇಕು. ಮನೆ ಬಿಡುವ ತೀರ್ಮಾನ ಊರಿನ ಅಂಕಿಯನ್ನೂ ಜಿಲ್ಲಾಡಳಿತದ ಆದೇಶವನ್ನೂ ನೋಡಿ ಆಗಬೇಕು. ಆದೇಶ ಬಂದಮೇಲೆ ಚರ್ಚೆಗೆ ಕೂರಬೇಡಿ.

ಇಲಾಖೆಯ ಭಾಷೆ ಮಿಲಿಮೀಟರಿನದು. ಕಾಫಿ ತೋಟದವರು ಇಂಚು, ಸೆಂಟಿನಲ್ಲಿ ಮಾತಾಡುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಎರಡನ್ನೂ ಸೇರಿಸಿ ನೆನಪಿಟ್ಟುಕೊಳ್ಳಿ: 24 ಗಂಟೆಯಲ್ಲಿ 64.5 ಮಿ.ಮೀ., ಅಂದರೆ ಸುಮಾರು ಎರಡೂವರೆ ಇಂಚು ದಾಟಿದರೆ ‘ಭಾರಿ ಮಳೆ’. 115.6 ಮಿ.ಮೀ., ಅಂದರೆ ನಾಲ್ಕೂವರೆ ಇಂಚಿನಿಂದ ‘ಅತಿ ಭಾರಿ’. 204.5 ಮಿ.ಮೀ., ಅಂದರೆ ಎಂಟು ಇಂಚಿನಿಂದ ಮೇಲೆ ‘ಅತ್ಯಂತ ಭಾರಿ’. ಸಭೆಯಲ್ಲಿ ಒಬ್ಬರು ‘ಎಂಟು’ ಅಂದು ಇನ್ನೊಬ್ಬರು ‘ಎಂಬತ್ತು’ ಅಂದರೆ ಯಾವ ಅಳತೆ ಎಂದು ಕೇಳಿಯೇ ಬರೆದುಕೊಳ್ಳಿ.

ಎಷ್ಟು ಮಳೆಯಾದರೆ ಗುಡ್ಡ ಕುಸಿಯುತ್ತದೆ? ಒಂದು ಅಂಕಿ ಹೇಳಿ ಸಾಕು.

ಎಲ್ಲ ಸಭೆಯಲ್ಲೂ ಬರುವ ಪ್ರಶ್ನೆ ಇದು. ಎಲ್ಲ ಗುಡ್ಡಕ್ಕೂ ಹೊಂದುವ ಒಂದು ಅಂಕಿ ಇಲ್ಲ. ಯಾಕೆ ಇಲ್ಲ ಎಂದು ತಿಳಿದರೆ ನಿಮ್ಮ ಗುಡ್ಡದ ಅಂಕಿಯನ್ನು ನೀವೇ ಹುಡುಕಿಕೊಳ್ಳಬಹುದು.

ನಮ್ಮ ಘಟ್ಟದ ಇಳಿಜಾರುಗಳಲ್ಲಿ ಬಂಡೆಯ ಮೇಲೆ ಸವೆದು ಮಾಗಿದ ಮಣ್ಣು ದಪ್ಪಗೆ ಕೂತಿರುತ್ತದೆ. ಜೂನ್, ಜುಲೈ ಮಳೆ ಅದರೊಳಗೆ ಇಳಿದು ತುಂಬುತ್ತದೆ. ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿದಷ್ಟೂ ಕಣಕ್ಕೂ ಕಣಕ್ಕೂ ಇರುವ ಹಿಡಿತ ಸಡಿಲವಾಗುತ್ತದೆ. ಹೀಗೆ ತುಂಬಿ ನಿಂತ ಗುಡ್ಡಕ್ಕೆ ಆಗಸ್ಟ್‌ನಲ್ಲಿ ಬೀಳುವ ಐದು ಇಂಚು ಸಾಕಾಗಬಹುದು. ಅದೇ ಐದು ಇಂಚು ಜೂನ್ ಮೊದಲ ವಾರ ಬಿದ್ದರೆ ಏನೂ ಆಗದೆ ಹೋಗಬಹುದು. ಅದಕ್ಕೇ ಇವತ್ತಿನ ಮಳೆಯ ಜೊತೆ ಹಿಂದಿನ ಮೂರು ದಿನ, ಹದಿನೈದು ದಿನದ ಒಟ್ಟು ಮಳೆಯನ್ನೂ ನೋಡಬೇಕು. ಭೂಕುಸಿತದ ಮುನ್ಸೂಚನೆ ಕೊಡುವವರು ಪ್ರಪಂಚದ ಎಲ್ಲೆಡೆ ಇದನ್ನೇ ಮಾಡುತ್ತಾರೆ.

ಇನ್ನೊಂದು ಸಂಗತಿ ಮನುಷ್ಯನ ಕೈಯಲ್ಲಿರುವುದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ, ಜೋಡುಪಾಲದಿಂದ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲುವರೆಗೆ ಗುಡ್ಡಗಳು ಜರಿದಾಗ ಮಳೆಯ ಜೊತೆಗೆ ಇಳಿಜಾರನ್ನು ಕಡಿದು ಬದಲಿಸಿದ್ದನ್ನೂ ಜಿಎಸ್‌ಐ ಕಾರಣವಾಗಿ ಗುರುತಿಸಿತು. ಮನೆ ತಟ್ಟಿಗೆ, ರಸ್ತೆಗೆ, ಹೋಂಸ್ಟೇಗೆ ಬರೆಯನ್ನು, ಅಂದರೆ ಗುಡ್ಡದ ಕಡಿದಾದ ಬದಿಯನ್ನು, ನೆಟ್ಟಗೆ ಕಡಿದು ನೀರು ಹೋಗಲು ದಾರಿ ಮಾಡದಿದ್ದಲ್ಲಿ ಗುಡ್ಡಕ್ಕೆ ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಪಕ್ಕಪಕ್ಕದ ಎರಡು ಗುಡ್ಡಗಳಿಗೂ ಒಂದೇ ಅಂಕಿ ಹೊಂದುವುದಿಲ್ಲ.

ಅಂಕಿ ಕೈಗೆ ಸಿಗುವ ಮುಂಚೆ ಕಣ್ಣಿಗೆ ಬೀಳುವ ಲಕ್ಷಣಗಳಿವೆ. ನೆಲದಲ್ಲಿ ಅಥವಾ ಗೋಡೆಯಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ವಾಲಿದ ಕರೆಂಟ್ ಕಂಬ ಅಥವಾ ಮರ, ಜಲ ಏಳದಿದ್ದ ಜಾಗದಲ್ಲಿ ಜಲ ಎದ್ದು ಕೆಂಪಗೆ ಹರಿಯುವುದು. ಇವೆಲ್ಲಕ್ಕಿಂತ ಕೆಟ್ಟದ್ದು, ಮಳೆ ಹೊಡೆಯುತ್ತಿರುವಾಗಲೇ ಹಳ್ಳದ ನೀರು ಹಠಾತ್ತನೆ ಇಳಿಯುವುದು. ಮೇಲೆ ಎಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಂಡಿದೆ ಎಂದು ಅರ್ಥ. ಆಗ ಯಾರಿಗೂ ಕಾಯದೆ ಹಳ್ಳದ ಪಾತ್ರದಿಂದ ದೂರ, ಪಕ್ಕದ ಎತ್ತರಕ್ಕೆ ಹೋಗಿ. ಆಮೇಲೆ ಫೋನ್ ಮಾಡಿ.

ಭೂಕುಸಿತದ ನಕ್ಷೆಯಲ್ಲಿ ನಮ್ಮ ಮನೆ ಕೆಂಪು ಬಣ್ಣದಲ್ಲಿದೆ. ಮನೆ ಮಾರಬೇಕಾ?

ಮೊದಲು ನಕ್ಷೆಯ ಅಳತೆ ನೋಡಿ. ಜಿಎಸ್‌ಐಯ ರಾಷ್ಟ್ರೀಯ ಭೂಕುಸಿತ ಸಂಭಾವ್ಯತೆ ನಕ್ಷೆ 1:50,000 ಅಳತೆಯದು. ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್, ಒಂದು ಮಿಲಿಮೀಟರ್ 50 ಮೀಟರ್. ಹತ್ತು ಮೀಟರ್ ಅಗಲದ ಮನೆ ಅದರಲ್ಲಿ ಪೆನ್ಸಿಲ್ ಮೊನೆಯಷ್ಟೂ ಆಗುವುದಿಲ್ಲ. ಫೋನಿನಲ್ಲಿ ಬೆರಳಿಂದ ಹಿಗ್ಗಿಸಿದರೆ ಚಿತ್ರ ದೊಡ್ಡದಾಗುತ್ತದೆ, ಅದರೊಳಗಿನ ತಿಳಿವಳಿಕೆ ಹಿಗ್ಗುವುದಿಲ್ಲ.

ಆ ನಕ್ಷೆ ಹೇಳುವುದು ಇಷ್ಟು: ಈ ಬಣ್ಣದ ಪ್ರದೇಶದೊಳಗೆ ಹೊಸ ಬಡಾವಣೆ, ಶಾಲೆ, ರಸ್ತೆ ಮಾಡುವ ಮುಂಚೆ ಭೂವಿಜ್ಞಾನಿ ಬಂದು ನೆಲ ನೋಡಬೇಕು. ಒಂದು ಮನೆಯ ತೀರ್ಮಾನಕ್ಕೆ ಸ್ಥಳ ಪರಿಶೀಲನೆಯೇ ಆಗಬೇಕು. ಮನೆಯ ಹಿಂದಿನ ಬರೆ ಎಷ್ಟು ಎತ್ತರ, ಅದಕ್ಕೂ ಗೋಡೆಗೂ ಎಷ್ಟು ಅಂತರ, ಮೇಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಬರೆದು ಫೋಟೋ ಸಮೇತ ಪಂಚಾಯಿತಿಗೆ ಅರ್ಜಿ ಕೊಡಿ, ಪರಿಶೀಲನೆ ಕೇಳಿ.

ಹಸಿರು ಬಣ್ಣ ಇದ್ದರೆ ನಿಶ್ಚಿಂತೆಯಾಗಿ ಇರಬಹುದಾ?

ಬೇಡ. ಈ ನಕ್ಷೆಗಳು ಗುಡ್ಡ ಎಲ್ಲಿಂದ ಹೊರಡಬಹುದು ಎಂದು ಹೇಳುತ್ತವೆ, ಎಲ್ಲಿಯವರೆಗೆ ಬಂದು ಮುಟ್ಟುತ್ತದೆ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಜರಿದು ಗಂಗಾವಳಿ ನದಿಗೆ ಬಿತ್ತು. ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು, ಅಲ್ಲೂ ಜೀವ ಹೋಯಿತು. ಆ ಮನೆಗಳಿಗೆ ಪೆಟ್ಟು ಬಿದ್ದದ್ದು ನದಿಯಾಚೆಯ ಗುಡ್ಡದಿಂದ. ಅದೇ ತಿಂಗಳ 30ರಂದು ವಯನಾಡಿನಲ್ಲಿ ಹೊರಟ ಮಣ್ಣು, ಬಂಡೆ ಹೊಳೆಯ ಪಾತ್ರ ಹಿಡಿದು ಕಿಲೋಮೀಟರುಗಟ್ಟಲೆ ಬಂದು ಮುಂಡಕ್ಕೈ, ಚೂರಲ್‌ಮಲದ ಜನವಸತಿಯನ್ನು ಅಳಿಸಿಹಾಕಿತು. ಗುಡ್ಡದಿಂದ ದೂರ ಇದ್ದೀವಿ ಎನ್ನುವವರು ಹಳ್ಳದಿಂದ ಎಷ್ಟು ದೂರ ಇದ್ದೀವಿ ಎಂದೂ ಕೇಳಿಕೊಳ್ಳಬೇಕು.

ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಬಂದು ಹೋಯಿತಲ್ಲ. ಇನ್ನು ನಮ್ಮ ಕಾಲಕ್ಕೆ ಬರಲ್ಲ ಅಲ್ಲವಾ?

ಆ ಮಾತಿನ ಅರ್ಥ, ಯಾವುದೇ ಒಂದು ವರ್ಷದಲ್ಲಿ ಅಷ್ಟು ದೊಡ್ಡ ಪ್ರವಾಹ ಬರುವ ಸಂಭವ ನೂರಕ್ಕೆ ಒಂದು ಎಂದು. ಹೋದ ವರ್ಷ ಬಂದದ್ದು ಈ ವರ್ಷದ ಸಂಭವವನ್ನು ಕಡಿಮೆ ಮಾಡುವುದಿಲ್ಲ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: 2018, 2019, 2020, ಸಾಲಾಗಿ ಮೂರು ಆಗಸ್ಟ್ ತಿಂಗಳುಗಳು. ಜೋಡುಪಾಲದ ಮರುವರ್ಷ ತೋರ ಗ್ರಾಮದಲ್ಲಿ ಗುಡ್ಡ ಜರಿಯಿತು, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿಯಲ್ಲಿ.

ಮನೆಸಾಲ 30 ವರ್ಷದ್ದು ಎಂದುಕೊಳ್ಳಿ. ಅಷ್ಟು ಕಾಲದೊಳಗೆ ‘ನೂರು ವರ್ಷದ’ ಪ್ರವಾಹ ಒಮ್ಮೆಯಾದರೂ ಬರುವ ಸಂಭವ ಶೇ 26. ‘ಇಪ್ಪತ್ತೈದು ವರ್ಷದ’ ಪ್ರವಾಹವಾದರೆ ಸುಮಾರು ಶೇ 70. ಈ ಲೆಕ್ಕವೂ ಹಳೆಯ ಮಳೆ ದಾಖಲೆಯ ಮೇಲೆ ನಿಂತದ್ದು. ಮಳೆಯ ರೀತಿ ಬದಲಾಗುತ್ತಿರುವಾಗ ಅದನ್ನು ಕನಿಷ್ಠ ಎಂದು ತೆಗೆದುಕೊಳ್ಳುವುದೇ ಜಾಣತನ.

ನಮ್ಮದು ಕೃಷ್ಣಾ ತೀರದ ಊರು. ಮಳೆಯೇ ಇಲ್ಲದೆ ನೀರು ಬರುತ್ತದೆ. ನಾವು ಏನು ನೋಡಬೇಕು?

ನೀವು ನೋಡಬೇಕಾದ ಮಳೆ ಮಹಾರಾಷ್ಟ್ರದಲ್ಲಿ ಬೀಳುತ್ತದೆ. ಕೊಯ್ನಾ ಜಲಾಶಯದಿಂದ ಬಿಟ್ಟ ನೀರು, ರಾಜಾಪುರ ಬ್ಯಾರೇಜಿನ ಹರಿವು, ಜೊತೆಗೆ ವೇದಗಂಗಾ, ದೂಧಗಂಗಾ. ಬಾಗಲಕೋಟೆಯ ಕಡೆಯವರಿಗೆ ಆಲಮಟ್ಟಿಯ ಮಟ್ಟ ಮತ್ತು ಹೊರಹರಿವೂ ಬೇಕು. ಘಟಪ್ರಭಾ ದಂಡೆಗೆ ಹಿಡಕಲ್ ಜಲಾಶಯ, ಮಲಪ್ರಭಾ ದಂಡೆಗೆ ನವಿಲುತೀರ್ಥ ಜಲಾಶಯ. ಸುದ್ದಿಯಲ್ಲಿ ‘ಇಷ್ಟು ಲಕ್ಷ ಕ್ಯೂಸೆಕ್’ ಎಂದು ಬರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅದನ್ನು ತಿಳಿದು ನಿಮಗೆ ಏನೂ ಆಗಬೇಕಾಗಿಲ್ಲ. ನಿಮಗೆ ಬೇಕಾದದ್ದು ಎಷ್ಟು ಲಕ್ಷಕ್ಕೆ ಯಾವ ರಸ್ತೆ ಮುಳುಗುತ್ತದೆ ಎಂಬುದು.

ಇದನ್ನು ಊರಲ್ಲೇ ಮಾಡಬಹುದು. 2009ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, 2019ರಲ್ಲಿ ಎಲ್ಲಿಯವರೆಗೆ ಎಂದು ಹಿರಿಯರನ್ನು ಕರೆದು ಗುಡಿ ಮೆಟ್ಟಿಲು, ಶಾಲೆ ಗೋಡೆ, ಕರೆಂಟ್ ಕಂಬದ ಮೇಲೆ ಬಣ್ಣದ ಗೆರೆ ಎಳೆಸಿ. ಆ ದಿನಗಳ ಹೊರಹರಿವಿನ ಅಂಕಿಯನ್ನು ತಾಲ್ಲೂಕು ಕಚೇರಿ ಅಥವಾ ನೀರಾವರಿ ನಿಗಮದಿಂದ ಪಡೆದು ಗೆರೆಯ ಪಕ್ಕ ಬರೆಯಿರಿ. ಮೇಲೆ ಗೇಟು ಎತ್ತಿದ ಮೇಲೆ ನಿಮ್ಮೂರಿಗೆ ನೀರು ಮುಟ್ಟಲು ಎಷ್ಟು ಗಂಟೆ ಹಿಡಿಯಿತು ಎಂಬುದನ್ನೂ ಸೇರಿಸಿ. ಮುಂದಿನ ಸಲ ಟಿವಿಯಲ್ಲಿ ಅಂಕಿ ಬಂದಾಗ ಊರಿನ ಪ್ರತಿಯೊಬ್ಬರಿಗೂ ಅದು ತಮ್ಮ ಮನೆಯ ಮಾತಾಗುತ್ತದೆ. ಲಕ್ಷಾಂತರ ರೂಪಾಯಿಯ ಕಂಪ್ಯೂಟರ್ ಮಾದರಿಗಳೂ ಕೊನೆಗೆ ಇಂಥ ಗೆರೆಗಳ ಎದುರು ನಿಂತೇ ಸರಿ ತಪ್ಪು ನೋಡಿಕೊಳ್ಳಬೇಕು.

ಸರಿ, ಊರಿನ ಹಾಳೆ ಅಂದಿರಿ. ಅದನ್ನು ಮಾಡುವುದು ಹೇಗೆ?

ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ, ಬಿಸಿಲಿರುವಾಗ ಕೂತು ಮಾಡಬೇಕು. ರಾತ್ರಿ ಎರಡು ಗಂಟೆಗೆ, ಕರೆಂಟ್ ಇಲ್ಲದಾಗ, ಧಾರಾಕಾರ ಮಳೆಯಲ್ಲಿ ಯಾರಿಗೂ ಒಳ್ಳೆಯ ತೀರ್ಮಾನ ಹೊಳೆಯುವುದಿಲ್ಲ. ಆ ಹೊತ್ತಿನ ತೀರ್ಮಾನವನ್ನು ಈಗಲೇ ಮಾಡಿ ಇಡುವುದಷ್ಟೇ ಈ ಹಾಳೆಯ ಉದ್ದೇಶ.

ಮೊದಲು ವಾರ್ಡ್ ಸಭೆಯಲ್ಲಿ ನೆಲದ ಮೇಲೆ ಊರಿನ ನಕ್ಷೆ ಬರೆಯಿರಿ. ರಂಗೋಲಿ ಪುಡಿ ಸಾಕು. ಹಳ್ಳ, ಬರೆ, ಮೋರಿ, ಕಾಲುಸಂಕ, ಮಳೆಗಾಲದಲ್ಲಿ ಕಡಿದುಹೋಗುವ ರಸ್ತೆ, ಎತ್ತರದ ಜಾಗ. ಹೆಂಗಸರಿಗೆ ನೀರಿನ, ಸೌದೆಯ ದಾರಿಗಳು ಗೊತ್ತು. ದನ ಮೇಯಿಸುವವರಿಗೆ ಗುಡ್ಡದ ಮೇಲಿನ ಬಿರುಕು ಗೊತ್ತು. ಲೈನ್‌ಮನ್‌ಗೆ ಯಾವ ಕಂಬ ಪ್ರತಿ ವರ್ಷ ವಾಲುತ್ತದೆ ಎಂದು ಗೊತ್ತು. ಇವರೆಲ್ಲ ಇದ್ದ ಸಭೆಯ ನಕ್ಷೆಗೂ ಕಚೇರಿಯಲ್ಲಿ ಇಬ್ಬರೇ ಕೂತು ಮಾಡಿದ್ದಕ್ಕೂ ಬಹಳ ವ್ಯತ್ಯಾಸ. ಆಮೇಲೆ ಅದನ್ನು ಇಸ್ರೋದ ನಕ್ಷೆ ಜಾಲತಾಣ ‘ಭುವನ್’ ಅಥವಾ ಉಚಿತವಾಗಿ ಸಿಗುವ ನಕ್ಷೆ ತಂತ್ರಾಂಶ ‘ಕ್ಯೂಜಿಐಎಸ್’ನಲ್ಲಿ ಕೂರಿಸಲು ಹತ್ತಿರದ ಕಾಲೇಜಿನ ಮಕ್ಕಳ ನೆರವು ಪಡೆಯಿರಿ.

ಎರಡನೆಯದು ಮನೆಪಟ್ಟಿ. ಹಾಸಿಗೆ ಹಿಡಿದವರು, ತುಂಬು ಗರ್ಭಿಣಿಯರು, ಅಂಗವಿಕಲರು, ಒಂಟಿ ವೃದ್ಧರು, ಡಯಾಲಿಸಿಸ್‌ಗೆ ಹೋಗುವವರು. ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಶಿಕ್ಷಕಿಯ ಬಳಿ ಇದರ ಬಹುಪಾಲು ಇದೆ. ಈ ಪಟ್ಟಿ ಗೋಡೆಗೆ ಅಂಟಿಸುವುದಲ್ಲ, ಜವಾಬ್ದಾರಿ ಇರುವವರ ಕೈಯಲ್ಲಿ ಮಾತ್ರ ಇರಲಿ.

ಮೂರನೆಯದು ಅಂಕಿ ಮತ್ತು ಕೆಲಸ. ಕೆಳಗಿನದು ಬರೆಯುವ ರೀತಿ ತೋರಿಸಲು ಕೊಟ್ಟ ಉದಾಹರಣೆ, ಅಂಕಿಗಳನ್ನು ನಕಲು ಮಾಡಬೇಡಿ:

- 24 ಗಂಟೆಯಲ್ಲಿ 65 ಮಿ.ಮೀ.: ವಾರ್ಡ್ ಸದಸ್ಯರು ಮೋರಿಗಳನ್ನು ನೋಡಿ ಬರುವುದು, ಮಳೆಮಾಪಕ ಮೂರು ಗಂಟೆಗೊಮ್ಮೆ ಓದುವುದು.
- 24 ಗಂಟೆಯಲ್ಲಿ 115 ಮಿ.ಮೀ., ಅಥವಾ ಮೂರು ದಿನದಲ್ಲಿ 250 ಮಿ.ಮೀ.: ಬರೆ ಕೆಳಗಿನ ಮನೆಗಳ ವೃದ್ಧರು, ಮಕ್ಕಳು ಸಂಜೆಯೊಳಗೆ ಕಾಳಜಿ ಕೇಂದ್ರಕ್ಕೆ, ಶಾಲೆಯ ಬೀಗದ ಕೈ ಮುಖ್ಯ ಶಿಕ್ಷಕರಿಂದ ಪಂಚಾಯಿತಿಗೆ.
- ಬಿರುಕು, ಕೆಂಪು ಜಲ, ಹಳ್ಳದ ನೀರು ಇಳಿಯುವುದು, ಇವುಗಳಲ್ಲಿ ಯಾವುದೇ ಒಂದು: ಅಂಕಿ ಎಷ್ಟೇ ಇರಲಿ, ಆ ಸಾಲುಮನೆಗಳ ಎಲ್ಲರೂ ತಕ್ಷಣ ಹೊರಡುವುದು.

ಪ್ರತಿ ಸಾಲಿಗೂ ಒಬ್ಬರ ಹೆಸರು, ಅವರು ಊರಲ್ಲಿ ಇಲ್ಲದಿದ್ದರೆ ಇನ್ನೊಬ್ಬರ ಹೆಸರು, ಇಬ್ಬರ ಫೋನ್ ನಂಬರು. ‘ಸಂಬಂಧಪಟ್ಟವರು ಕ್ರಮ ವಹಿಸುವುದು’ ಎಂದು ಬರೆದ ಸಾಲನ್ನು ಹೊಡೆದುಹಾಕಿ. ಶುರುವಿನ ಅಂಕಿಯನ್ನು ಹಿಂದೆ ತೊಂದರೆಯಾದ ದಿನಗಳ ಮಳೆ ನೋಡಿ ಗೊತ್ತುಮಾಡಿ. ಹಳೆಯ ಮಳೆಯನ್ನು ವಿಕೋಪ ಉಸ್ತುವಾರಿ ಕೇಂದ್ರದಿಂದ ಪಡೆಯಬಹುದು. ಭೂವಿಜ್ಞಾನಿಗೆ ತೋರಿಸಿ ತಿದ್ದಿಸಿ. ಸಂದೇಹ ಬಂದರೆ ಅಂಕಿಯನ್ನು ಕೆಳಗಿಡಿ.

ಎಚ್ಚರಿಕೆ ಕೊಟ್ಟು ಏನೂ ಆಗದಿದ್ದರೆ ಮುಂದಿನ ಸಲ ಜನ ನಂಬುತ್ತಾರಾ?

ಇದಕ್ಕೊಂದು ಸರಳ ಲೆಕ್ಕ ಇದೆ. ಒಂದು ಸಾಲಿನ ಮನೆಗಳವರನ್ನು ಒಂದು ರಾತ್ರಿ ಸ್ಥಳಾಂತರಿಸಲು ಊಟ, ಜೀಪು, ಹೋದ ಕೂಲಿ ಎಲ್ಲ ಸೇರಿ 20 ಸಾವಿರ ಖರ್ಚು ಎಂದುಕೊಳ್ಳೋಣ. ಗುಡ್ಡ ಬಂದರೆ, ಜೀವವನ್ನು ಲೆಕ್ಕಕ್ಕೆ ಹಿಡಿಯದೆ ಬರೀ ಉಳಿಸಬಹುದಾದ ವಾಹನ, ದನ, ದಾಖಲೆ, ಸಾಮಾನಿನ ನಷ್ಟವೇ 20 ಲಕ್ಷ. ಖರ್ಚು ನಷ್ಟದ ನೂರನೇ ಒಂದು ಪಾಲು. ಹಾಗಿದ್ದರೆ ಕುಸಿಯುವ ಸಂಭವ ನೂರಕ್ಕೆ ಒಂದಕ್ಕಿಂತ ಹೆಚ್ಚಿದ್ದರೂ ಸ್ಥಳಾಂತರವೇ ಲಾಭ. ಸಂಭವ ಶೇ 10 ಇದ್ದರೆ ಹತ್ತರಲ್ಲಿ ಒಂಬತ್ತು ಸಲ ಏನೂ ಆಗುವುದಿಲ್ಲ. ಆ ಒಂಬತ್ತು ಸಲವೂ ತೀರ್ಮಾನ ಸರಿಯೇ ಆಗಿತ್ತು.

ಇದನ್ನು ಜನರಿಗೆ ಮೊದಲೇ ಹೇಳಬೇಕು. ‘ಹೆಚ್ಚಿನ ಸಲ ಏನೂ ಆಗಲ್ಲ, ಆದರೂ ಎಬ್ಬಿಸುತ್ತೇವೆ’ ಎಂದು ಮೇ ತಿಂಗಳಲ್ಲಿ ಬಾಯಿಬಿಟ್ಟು ಹೇಳಿದ ಪಂಚಾಯಿತಿಯ ಮೇಲೆ ಆಗಸ್ಟ್‌ನಲ್ಲಿ ಸಿಟ್ಟು ಕಡಿಮೆ. ಮಾರನೇ ದಿನ ‘ನಿನ್ನೆ ಇಷ್ಟು ಮಳೆ ಆಯಿತು, ಅದಕ್ಕೇ ಎಬ್ಬಿಸಿದೆವು’ ಎಂದು ಅಂಕಿ ಸಮೇತ ತಿಳಿಸಿ. ಒಡಿಶಾದಲ್ಲಿ 1999ರ ಮಹಾ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಸತ್ತರು. 2019ರ ಫೋನಿ ಬಂದಾಗ ಹನ್ನೆರಡು ಲಕ್ಷ ಜನರನ್ನು ಮುಂಚೆಯೇ ಆಶ್ರಯ ಕಟ್ಟಡಗಳಿಗೆ ಸಾಗಿಸಿದರು, ಸಾವಿನ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ನಡುವಿನ ಇಪ್ಪತ್ತು ವರ್ಷ ಅಲ್ಲಿನ ಹಳ್ಳಿಗಳು ಅಣಕು ಅಭ್ಯಾಸ ಮಾಡುತ್ತಾ ಬಂದಿದ್ದವು.

ಮನೆ ಬಿಟ್ಟು ಬರಲು ಒಪ್ಪದವರನ್ನು ಏನು ಮಾಡುವುದು?

ಯಾಕೆ ಒಪ್ಪುತ್ತಿಲ್ಲ ಎಂದು ಮೇ ತಿಂಗಳಲ್ಲೇ ಕೇಳಿ. ಹೆಚ್ಚಿನವರ ಉತ್ತರ ದನ, ಒಡವೆ, ಶೌಚಾಲಯ, ಇಲ್ಲವೇ ಮನೆ ಬಿಟ್ಟರೆ ಜಾಗದ ಹಕ್ಕು ಹೋಗುತ್ತದೆಂಬ ಭಯ. ಕಾವೇರಿ ದಂಡೆಯ ಕರಡಿಗೋಡಿನಂಥ ಕಡೆ ಪ್ರತಿ ಮಳೆಗಾಲ ನೋಟಿಸ್ ಪಡೆದು ಗಂಟುಮೂಟೆ ಕಟ್ಟುವ ಜನರಿಗೆ ಇನ್ನೊಂದು ನೋಟಿಸಿನಿಂದ ಧೈರ್ಯ ಬರುವುದಿಲ್ಲ. ಕಾಳಜಿ ಕೇಂದ್ರದ ಹತ್ತಿರ ದನ ಕಟ್ಟಲು ಜಾಗ, ಹೆಂಗಸರಿಗೆ ಬಾಗಿಲು ಭದ್ರವಿರುವ ಶೌಚಾಲಯ, ಖಾಲಿ ಮನೆಗಳ ಕಡೆ ಪೊಲೀಸರ ಒಂದು ಸುತ್ತು, ಇವು ಗೊತ್ತಾಗಿದ್ದರೆ ಅರ್ಧ ಜನ ತಾವಾಗಿಯೇ ಬರುತ್ತಾರೆ. ಮನೆ ಹಕ್ಕಿನ ಭಯಕ್ಕೆ ಪರಿಹಾರ ಕಂದಾಯ ಇಲಾಖೆಯ ಕೈಯಲ್ಲಿದೆ. ಅದನ್ನು ವಿಕೋಪ ಯೋಜನೆಯ ಹೊರಗಿನ ವಿಷಯ ಎಂದು ತಳ್ಳಿಹಾಕಬಾರದು.

ಲೈನ್ ಮನೆಯವರು, ಹೊರರಾಜ್ಯದ ಕೂಲಿಯವರು ಯೋಜನೆಯಲ್ಲಿ ಬರುತ್ತಾರಾ?

ಬರಲೇಬೇಕು. ಮತದಾರರ ಪಟ್ಟಿ, ರೇಷನ್ ಕಾರ್ಡ್ ಹಿಡಿದು ಮನೆಪಟ್ಟಿ ಮಾಡಿದರೆ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ, ಇರುವವರು ಬಿಟ್ಟುಹೋಗುತ್ತಾರೆ. ವಯನಾಡಿನ ದುರಂತದಲ್ಲಿ ಚಹಾ ತೋಟದ ಕಾರ್ಮಿಕ ಕುಟುಂಬಗಳು ಪೆಟ್ಟು ತಿಂದವು. ಅಸ್ಸಾಂ, ಜಾರ್ಖಂಡ್, ಬಿಹಾರದಿಂದ ಬಂದವರಿಗೆ ಕನ್ನಡದ ಮೈಕ್ ಪ್ರಕಟಣೆ ಅರ್ಥವಾಗದು. ಅವರ ಮಾತಿನಲ್ಲೇ ಮುಂಚಿತವಾಗಿ ದನಿ ಮುದ್ರಿಸಿಟ್ಟುಕೊಳ್ಳಿ. ಪ್ರತಿ ತೋಟದ ರೈಟರ್ (ಲೆಕ್ಕ ಬರೆಯುವವರು) ಅಥವಾ ಮೇಸ್ತ್ರಿಯ ಹೆಸರು ಹಾಳೆಯಲ್ಲಿರಲಿ.

ಹಣ ಸ್ವಲ್ಪ, ಬೇಡಿಕೆ ಹತ್ತು. ಯಾವ ಕಾಮಗಾರಿ ಮೊದಲು?

ಇಲ್ಲಿ ಅಂಕ ಕೊಡುವ ಪದ್ಧತಿ ಕೆಲಸಕ್ಕೆ ಬರುತ್ತದೆ. ನಿಮ್ಮ ಮುಂದೆ ಮೂರು ಬೇಡಿಕೆ ಇವೆ ಎನ್ನಿ: ಹಳ್ಳದ ಮೋರಿ ಅಗಲ ಮಾಡುವುದು ಒಂದು, ಶಾಲೆ ಹಿಂದೆ ತಡೆಗೋಡೆ ಇನ್ನೊಂದು, ಕೈ ಸೈರನ್, ಮಳೆಮಾಪಕಗಳು, ಕಾಳಜಿ ಕೇಂದ್ರಕ್ಕೆ ಜನರೇಟರ್ ಎಲ್ಲ ಸೇರಿ ಮೂರನೆಯದು. ಎಷ್ಟು ಜೀವಕ್ಕೆ ರಕ್ಷಣೆ, ಬಡವರಿಗೆ ಎಷ್ಟು ಉಪಯೋಗ, ಖರ್ಚು, ಮುಂದೆ ದುರಸ್ತಿ ನಮ್ಮ ಕೈಲಾಗುತ್ತದಾ, ಕೆಳಗಿನ ಊರಿಗೆ ತೊಂದರೆಯಾಗುತ್ತದಾ, ಈ ಐದಕ್ಕೂ ಹತ್ತರಲ್ಲಿ ಅಂಕ ಕೊಡಿ; ಖರ್ಚು, ತೊಂದರೆ ಕಡಿಮೆ ಇದ್ದಷ್ಟೂ ಅಂಕ ಹೆಚ್ಚು. ಯಾವುದು ಎಷ್ಟು ಮುಖ್ಯ ಎಂದು ತೂಕ ಇಟ್ಟು, ಅಂಕವನ್ನು ಅದರಿಂದ ಗುಣಿಸಿ ಕೂಡಿಸಿ.

ತೂಕ ಇಡುವುದರಲ್ಲೇ ಎಲ್ಲ ಇರುವುದು. ಖರ್ಚಿಗೆ ಹೆಚ್ಚು ತೂಕ ಇಟ್ಟರೆ ಒಂದು ಮೇಲೆ ಬರುತ್ತದೆ, ಜೀವಕ್ಕೆ ಇಟ್ಟರೆ ಇನ್ನೊಂದು. ಆದ್ದರಿಂದ ಕಾಮಗಾರಿಗಳ ಹೆಸರು ಬರೆಯುವ ಮುಂಚೆಯೇ ಗ್ರಾಮ ಸಭೆಯಲ್ಲಿ ತೂಕ ಗೊತ್ತುಮಾಡಿ, ನಡಾವಳಿ ಪುಸ್ತಕಕ್ಕೆ ಏರಿಸಿ. ಆಮೇಲೆ ತೂಕಗಳನ್ನು ಸ್ವಲ್ಪ ಆಚೀಚೆ ಮಾಡಿ ಮತ್ತೆ ಕೂಡಿಸಿ ನೋಡಿ. ಹೇಗೆ ಮಾಡಿದರೂ ಮೊದಲನೆಯದು ಮೊದಲಾಗಿಯೇ ಉಳಿದರೆ ಧೈರ್ಯವಾಗಿ ಅದನ್ನು ಹಿಡಿಯಿರಿ. ಚೂರು ಬದಲಾವಣೆಗೇ ಮೇಲೆ ಕೆಳಗೆ ಆದರೆ ಆ ಎರಡರ ಬಗ್ಗೆ ಇನ್ನೂ ಮಾತಾಡುವುದಿದೆ. ಗುತ್ತಿಗೆದಾರರ ಒತ್ತಾಯಕ್ಕೆ ತಡೆಗೋಡೆಯೇ ಬೇಕು ಎಂದು ಮೊದಲೇ ಗೊತ್ತುಮಾಡಿ, ಆಮೇಲೆ ಅಂಕ ತುಂಬುವುದು ನಡೆಯುವ ಸಂಗತಿ. ನಡಾವಳಿಯ ತಾರೀಖು ಅದನ್ನು ತಡೆಯುತ್ತದೆ.

ನೀರು ಹೋಗುವ ಚರಂಡಿ ಇಲ್ಲದ ತಡೆಗೋಡೆಗೆ ಯಾವ ಲೆಕ್ಕದಲ್ಲೂ ಅಂಕ ಕೊಡಬೇಡಿ. ಹಿಂದೆ ನೀರು ಕಟ್ಟಿಕೊಂಡು ಗೋಡೆ ಸಮೇತ ಬರುತ್ತದೆ.

ಗುಡ್ಡಕ್ಕೆ ಸೆನ್ಸರ್ ಹಾಕಿಸಿದರೆ ಸಾಲದಾ?

ಕೇರಳದ ಮುನ್ನಾರಿನಲ್ಲಿ ಅಮೃತಾ ವಿಶ್ವವಿದ್ಯಾಲಯ ನೆಲದೊಳಗೆ ಸೆನ್ಸರ್ ಜಾಲ ಹಾಕಿ ಹಲವು ವರ್ಷಗಳಿಂದ ನಡೆಸುತ್ತಿದೆ, ಮಣ್ಣಿನ ನೀರಿನ ಒತ್ತಡ ಮತ್ತು ಚಲನೆ ಅಳೆಯುತ್ತದೆ. ಕೆಲಸಕ್ಕೆ ಬರುವ ವಿಧಾನ. ಆದರೆ ಅದು ಆಯ್ದ ಒಂದೊಂದು ಇಳಿಜಾರಿಗೆ ಮಾತ್ರ, ಖರ್ಚಿನದು, ನಿರಂತರ ನಿರ್ವಹಣೆ ಬೇಡುವಂಥದ್ದು. ಸಾವಿರಾರು ಬರೆಗಳಿರುವ ತಾಲ್ಲೂಕಿನಲ್ಲಿ ಎಲ್ಲದಕ್ಕೂ ಹಾಕಲಾಗದು. ದೊಡ್ಡ ವಸತಿ ಅಥವಾ ಹೆದ್ದಾರಿಯ ಮೇಲಿನ ಗುಡ್ಡಕ್ಕೆ ಕೇಳಿ, ಉಳಿದೆಡೆ ಮಳೆ ಅಳೆಯಿರಿ.

ಮಳೆಯನ್ನು ನಾವೇ ಅಳೆದರೆ ಅದಕ್ಕೆ ಬೆಲೆ ಇದೆಯಾ?

ಬಹಳ ಇದೆ. ಕಲ್ಪೆಟ್ಟದ ಹ್ಯೂಮ್ ಪರಿಸರ ಕೇಂದ್ರ ವಯನಾಡಿನಾದ್ಯಂತ ರೈತರು, ಊರವರ ಕೈಯಲ್ಲೇ ಇನ್ನೂರಕ್ಕೂ ಹೆಚ್ಚು ಕಡೆ ಮಳೆ ಅಳೆಸುತ್ತದೆ. 2024ರ ದುರಂತದ ಹಿಂದಿನ ದಿನ ಮುಂಡಕ್ಕೈ ಭಾಗಕ್ಕೆ ಅಪಾಯ ಇದೆ ಎಂದು ಅದು ಜಿಲ್ಲಾಡಳಿತಕ್ಕೆ ತಿಳಿಸಿತ್ತು. ಅಳತೆ ಇತ್ತು, ಎಚ್ಚರಿಕೆಯೂ ಹೊರಟಿತ್ತು, ಆದರೂ ಆ ರಾತ್ರಿ ಇನ್ನೂರಕ್ಕೂ ಹೆಚ್ಚು ಜನ ಹೋದರು. ಅಂಕಿಯ ಪಕ್ಕ ಹೆಸರು, ಕೆಲಸ ಬರೆಯಿರಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ. ಕೊಟ್ಟಾಯಂ ಕಡೆ ಮೀನಚಿಲ್ ನದಿಯ ದಂಡೆಯವರೂ ಮಳೆ ಮತ್ತು ನೀರಿನ ಮಟ್ಟ ಅಳೆದು ಕೆಳಗಿನ ಊರುಗಳಿಗೆ ತಿಳಿಸುವ ಪದ್ಧತಿ ಬೆಳೆಸಿದ್ದಾರೆ.

ನಮ್ಮ ಕಾಫಿ, ಅಡಿಕೆ ತೋಟಗಳಲ್ಲಿ ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಪುಸ್ತಕಗಳಿವೆ. ಅವು ಬೀರುವಿನಲ್ಲಿ ಹುಳ ತಿನ್ನುವ ಬದಲು ಪಂಚಾಯಿತಿಗೆ ನಕಲು ಸಿಕ್ಕರೆ ಊರಿನ ಅಂಕಿ ಗೊತ್ತುಮಾಡಲು ಅದಕ್ಕಿಂತ ಒಳ್ಳೆಯ ಆಧಾರ ಇನ್ನೊಂದಿಲ್ಲ. ಹೊಸದಾಗಿ ಶುರುಮಾಡುವವರು ಮರ, ಮಾಡಿನಿಂದ ದೂರ ಬಯಲಲ್ಲಿ ಮಾಪಕ ಇಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ಓದಿ. ಹವಾಮಾನ ಇಲಾಖೆಯ ದಿನದ ಲೆಕ್ಕ ಮುಗಿಯುವುದೂ ಆಗಲೇ.

ಕರೆಂಟ್, ನೆಟ್‌ವರ್ಕ್ ಎರಡೂ ಹೋದರೆ?

ಹೋಗುತ್ತವೆ ಎಂದೇ ಯೋಜನೆ ಮಾಡಿ. ಕಾಗದದ ಹಾಳೆ, ಕೈ ಸೈರನ್ ಅಥವಾ ದೇವಸ್ಥಾನದ ಗಂಟೆ, ಮಸೀದಿ, ಚರ್ಚಿನ ಮೈಕಿಗೆ ಬ್ಯಾಟರಿ, ಬೈಕಿನಲ್ಲಿ ಹೋಗಿ ಹೇಳುವ ಇಬ್ಬರು ಹುಡುಗರು. ಯಾವ ಸದ್ದಿಗೆ ಯಾವ ಅರ್ಥ ಎಂಬುದು ಮಕ್ಕಳಿಗೂ ಗೊತ್ತಿರಲಿ.

ಇದೆಲ್ಲ ಮಾಡುವ ಅಧಿಕಾರ ಪಂಚಾಯಿತಿಗೆ ಇದೆಯಾ? ದುಡ್ಡು ಎಲ್ಲಿಂದ?

2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಇದೆ, ಪ್ರತಿ ಜಿಲ್ಲೆಗೂ ಯೋಜನೆ ಇರಬೇಕು ಎಂದಿದೆ, ಸ್ಥಳೀಯ ಸಂಸ್ಥೆಗಳ ಕರ್ತವ್ಯವನ್ನೂ ಹೇಳಿದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2022ರಲ್ಲಿ ಹೊರತಂದ ಯೋಜನೆ ಹಳ್ಳಿ ಮಟ್ಟದವರೆಗೆ ಸಮುದಾಯದ ಯೋಜನೆ ಬೇಕು ಎನ್ನುತ್ತದೆ. ನಿಮ್ಮ ಹಾಳೆಯನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯೊಳಗೇ ಸೇರಿಸಿ, ಪ್ರತ್ಯೇಕ ಕಡತ ಮಾಡಬೇಡಿ. 15ನೇ ಹಣಕಾಸು ಆಯೋಗ ವಿಪತ್ತು ನಿಧಿಯ ಶೇ 20ರಷ್ಟನ್ನು ಅಪಾಯ ತಗ್ಗಿಸುವ ಕೆಲಸಕ್ಕೆಂದೇ ತೆಗೆದಿಟ್ಟಿತು. ಆ ಬಾಬ್ತಿನಲ್ಲಿ ಜಿಲ್ಲೆಗೆ ಪ್ರಸ್ತಾವ ಹೋಗುವಾಗ ಅಂಕದ ಪಟ್ಟಿ, ನಕ್ಷೆ, ಮಳೆ ದಾಖಲೆ ಜೊತೆಗಿದ್ದರೆ ನಿಮ್ಮ ಕೇಳಿಕೆಗೆ ತೂಕ ಬರುತ್ತದೆ.

ಹಾಳೆ ಮಾಡಿದೆವು. ಎಷ್ಟು ದಿನಕ್ಕೊಮ್ಮೆ ತಿದ್ದಬೇಕು?

ವರ್ಷಕ್ಕೆ ಎರಡು ಸಲ ಸಾಕು. ಮೇ ತಿಂಗಳಲ್ಲಿ ಒಂದು ಅಣಕು ಅಭ್ಯಾಸ, ಅದರಲ್ಲಿ ಒಂದಾದರೂ ಕತ್ತಲಾದ ಮೇಲೆ ಮಾಡುವ ಭಾಗ ಇರಲಿ. ಯಾವ ಫೋನ್ ಹತ್ತಲಿಲ್ಲ, ಯಾವ ಬೀಗದ ಕೈ ಸಿಗಲಿಲ್ಲ, ಅಜ್ಜಿಯನ್ನು ಎತ್ತಿ ತರಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದುಕೊಳ್ಳಿ. ವರ್ಗವಾದ ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಮುಖ್ಯ ಶಿಕ್ಷಕರ ಹೆಸರು ಬದಲಿಸಿ. ಎರಡನೆಯ ಸಲ ದೀಪಾವಳಿ ಹೊತ್ತಿಗೆ, ಆ ವರ್ಷ ಅಂಕಿ ಮುಟ್ಟಿದ ಪ್ರತಿ ದಿನ ಏನಾಯಿತು ಎಂದು ನೋಡಿ ಅಂಕಿಯನ್ನು ಮೇಲೆ ಕೆಳಗೆ ಮಾಡಿ. ಬರೆ ಜರಿದ ಜಾಗಗಳನ್ನು, ಅದು ಎಷ್ಟೇ ಚಿಕ್ಕದಿರಲಿ, ತಾರೀಖು ಸಮೇತ ನಕ್ಷೆಗೆ ಏರಿಸಿ ಜಿಲ್ಲೆಗೂ ಕಳಿಸಿ. ಜೀವಹಾನಿ ಆಗಲಿಲ್ಲ ಎಂಬ ಕಾರಣಕ್ಕೆ ಸಣ್ಣ ಕುಸಿತಗಳು ಎಲ್ಲೂ ದಾಖಲಾಗದೆ ಹೋಗುತ್ತವೆ. ಆ ಬರೆಯ ಬಗ್ಗೆ ಮುಂದಿನ ವರ್ಷ ನಿಮಗೆ ಎಚ್ಚರಿಕೆ ಕೊಡಬಲ್ಲ ದಾಖಲೆ ಅದೊಂದೇ.